ಲೆಕ್ಕಗಳು ನನ್ನ ತಲೆಗೆ ಹತ್ತಿದ್ದು ಹೀಗೆ

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಾನು ದಿನಕ್ಕೆ 20 ಲೆಕ್ಕ ಮಾಡುತ್ತಿದ್ದೆ. ಪುಸ್ತಕದ ಹಿಂದೆ ಕೊಟ್ಟ ಉತ್ತರಕ್ಕೆ ತಾಳೆಯಾದರೆ ರೈಟ್ ಹಾಕಿ ಮುಂದಿನದಕ್ಕೆ ಹೋಗುತ್ತಿದ್ದೆ. ಆದರೂ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈ ಓಡುತ್ತಿರಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಅಂತ ತಿಳಿದಿದ್ದು ಒಂದೇ ಒಂದು ಲೆಕ್ಕದಿಂದ.

30 ಡಿಗ್ರಿ ಇಳಿಜಾರಿನ ಮೇಲೆ 5 ಕೆಜಿಯ ಬ್ಲಾಕ್. ಘರ್ಷಣೆಯ ಗುಣಾಂಕ (ಎರಡು ಮೇಲ್ಮೈಗಳು ಒಂದನ್ನೊಂದು ಎಷ್ಟು ತಡೆಯುತ್ತವೆ ಅನ್ನುವ ಅಂಕಿ) 0.2, ನಿಂತಾಗಲೂ ಜಾರುವಾಗಲೂ ಅಷ್ಟೇ. ಸುಮ್ನೆ ಕೈಬಿಟ್ಟರೆ ವೇಗೋತ್ಕರ್ಷ ಎಷ್ಟು? ಎಲ್ಲರೂ ಮಾಡಿರುವ ಲೆಕ್ಕವೇ. ಕೆಳಕ್ಕೆ ಎಳೆಯುವ ಬಲದಲ್ಲಿ ಘರ್ಷಣೆಯನ್ನು ಕಳೆದು, ಮಾಸ್‌ನಿಂದ ಭಾಗಿಸಿದರೆ ಸೆಕೆಂಡ್ ಸ್ಕ್ವೇರ್‌ಗೆ 3.2 ಮೀಟರ್ ಬರುತ್ತದೆ.

ಅವತ್ತು ಯಾಕೋ 0.2 ಇದ್ದ ಕಡೆ 0.7 ಹಾಕಿ ನೋಡಿದೆ. ಮೈನಸ್ 1.04 ಬಂತು. ಅಂದರೆ ನಿಂತಿದ್ದ ಬ್ಲಾಕ್ ತಾನಾಗೇ ಇಳಿಜಾರು ಹತ್ತಬೇಕು! ಹಾಗಾಗಲು ಸಾಧ್ಯವೇ ಇಲ್ಲ. ತುಂಬಾ ಹೊತ್ತು ಆ ಮೈನಸ್ಸನ್ನೇ ನೋಡುತ್ತಾ ಕೂತೆ.

ಫಾರ್ಮುಲಾ ಸರಿಯಾಗೇ ಇತ್ತು. ಅದನ್ನು ಬಳಸಬಾರದ ಕಡೆ ಬಳಸಿದ್ದೆ. ಗುಣಾಂಕವನ್ನು ನಾರ್ಮಲ್ ಬಲಕ್ಕೆ (ಇಳಿಜಾರು ತನಗೆ ಲಂಬವಾಗಿ ಬ್ಲಾಕನ್ನು ಒತ್ತುವ ಬಲ) ಗುಣಿಸಿದಾಗ ಸಿಗುವುದು ನಿಂತ ಬ್ಲಾಕಿಗೆ ಘರ್ಷಣೆ ಕೊಡಬಹುದಾದ ಅತಿ ಹೆಚ್ಚಿನ ಬಲ. ಇಲ್ಲಿ ಅದು 29.7 ನ್ಯೂಟನ್. ಬ್ಲಾಕನ್ನು ಕೆಳಕ್ಕೆ ಎಳೆಯುತ್ತಿರುವುದು ಬರೀ 24.5 ನ್ಯೂಟನ್. ಹಾಗಾಗಿ ಘರ್ಷಣೆಯೂ 24.5 ಮಾತ್ರ ಕೊಡುತ್ತದೆ, ಬ್ಲಾಕ್ ಕದಲುವುದಿಲ್ಲ. ತಡೆಯಲು ಎಷ್ಟು ಬೇಕೋ ಅಷ್ಟೇ. ಇದನ್ನು ಕ್ಲಾಸಿನಲ್ಲಿ ಕೇಳಿದ್ದೆ, ನೋಟ್ಸಿನಲ್ಲೂ ಬರೆದುಕೊಂಡಿದ್ದೆ. ಅರ್ಥವಾಗಿದ್ದು ಮಾತ್ರ ಅವತ್ತು.

ಆಮೇಲೆ ಕೋನವನ್ನೂ ಬದಲಿಸುತ್ತಾ ಹೋದೆ. ಗುಣಾಂಕ 0.7 ಇದ್ದರೆ ಸುಮಾರು 35 ಡಿಗ್ರಿ ದಾಟಿದ ಮೇಲೆಯೇ ಬ್ಲಾಕ್ ಜಾರುವುದು. 5 ಕೆಜಿ ಇರಲಿ, 500 ಕೆಜಿ ಇರಲಿ, ಅದೇ ಕೋನ. ಸಂಜೆಯೆಲ್ಲಾ ಒಂದೇ ಲೆಕ್ಕಕ್ಕೆ ಹೋಯಿತು. ಅಷ್ಟು ಖುಷಿ ಹಿಂದಿನ 20 ಲೆಕ್ಕಗಳಲ್ಲಿ ಸಿಕ್ಕಿರಲಿಲ್ಲ.

ಅಲ್ಲಿಂದ ದಿನಕ್ಕೆ 4 ಲೆಕ್ಕಕ್ಕೆ ಇಳಿಸಿದೆ. ಬಿಡಿಸುವ ಮೊದಲೇ ಉತ್ತರ ಹೆಚ್ಚುಕಮ್ಮಿ ಎಷ್ಟಿರಬೇಕು ಅಂತ ಮಾರ್ಜಿನ್‌ನಲ್ಲಿ ಬರೆಯುವುದು ರೂಢಿಯಾಯಿತು. ಎರಡೂ ತುದಿಗೆ ಆಧಾರವಿರುವ 4 ಮೀಟರ್ ಬೀಮ್, ಎಡತುದಿಯಿಂದ 1 ಮೀಟರ್ ದೂರಕ್ಕೆ 10 ಕಿಲೋನ್ಯೂಟನ್ ಭಾರ. ಎಡಗಡೆಯ ಆಧಾರಕ್ಕೇ ಜಾಸ್ತಿ ಬೀಳಬೇಕು, ಅಲ್ವಾ? ಮೊಮೆಂಟ್ (ಬಲವನ್ನು ದೂರಕ್ಕೆ ಗುಣಿಸಿದ್ದು) ತೆಗೆದರೆ ಎಡಕ್ಕೆ 7.5, ಬಲಕ್ಕೆ 2.5. ಅದಲುಬದಲಾಗಿ ಬಂದರೆ ದೂರ ಹಾಕುವಾಗ ತಪ್ಪಿದ್ದೇನೆ ಅಂತ ಅಲ್ಲೇ ಗೊತ್ತಾಗುತ್ತದೆ. 6 ಓಮ್, 3 ಓಮ್ ರೆಸಿಸ್ಟರ್ ಎರಡೂ ಪ್ಯಾರಲಲ್ ಇದ್ದರೆ, ಅಂದರೆ ಕರೆಂಟಿಗೆ ಎರಡು ದಾರಿ ಇದ್ದರೆ, ಒಟ್ಟು ರೆಸಿಸ್ಟೆನ್ಸ್ 3ಕ್ಕಿಂತ ಕಡಿಮೆ ಇರಲೇಬೇಕು. 2 ಬರುತ್ತದೆ.

ಅನಿಲದ ಲೆಕ್ಕದಲ್ಲಿ ಅಂದಾಜೇ ಕೈಕೊಟ್ಟಿತು. ಒತ್ತಡ ಹಾಗೇ ಇದ್ದು ಉಷ್ಣತೆ 27ರಿಂದ 54 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಗಾತ್ರ ಎಷ್ಟು? ‘ಎರಡು ಪಟ್ಟು’ ಅಂತ ಬರೆದಿದ್ದೆ. ಆದರೆ ಗಾತ್ರ ಹೆಚ್ಚುವುದು ಕೆಲ್ವಿನ್ ಲೆಕ್ಕದಲ್ಲಿ, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಿ. ಅದು 300ರಿಂದ 327. ಹೆಚ್ಚುವುದು ಬರೀ ಶೇ. 9. ಆ ಅಂದಾಜನ್ನು ಅಳಿಸದೆ ಹಾಗೇ ಬಿಟ್ಟೆ.

ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಉತ್ತರ ನೋಡುವುದಕ್ಕೂ ಒಂದು ಕಟ್ಟುಪಾಡು ಇಟ್ಟುಕೊಂಡೆ. 20 ನಿಮಿಷ ಒದ್ದಾಡಿದ ಮೇಲೆ ಒಂದು ಸಾಲು ಮಾತ್ರ ನೋಡುವುದು, ಉಳಿದದ್ದರ ಮೇಲೆ ಹಾಳೆ ಮುಚ್ಚುವುದು. ಮಾರನೆ ದಿನ ಅದೇ ಲೆಕ್ಕ ಮೊದಲಿಂದ. ಎಲ್ಲಿ ಸಿಕ್ಕಿಬಿದ್ದಿದ್ದೆನೋ ಅಲ್ಲಿ ಒಂದು ಕೆಂಪು ಚುಕ್ಕೆ. ತಿಂಗಳು ಕಳೆದ ಮೇಲೆ ನೋಡಿದರೆ ಚುಕ್ಕೆಗಳು ಹೆಚ್ಚಾಗಿ ಚಿತ್ರದ ಪಕ್ಕದಲ್ಲೇ ಇದ್ದವು. ಒಂದು ಬಲ ಬಿಟ್ಟುಹೋಗಿರುತ್ತಿತ್ತು, ಇಲ್ಲವೇ ಬಾಣ ಉಲ್ಟಾ ಇರುತ್ತಿತ್ತು. ಅದಕ್ಕೇ ಈಗ ಫ್ರೀ ಬಾಡಿ ಡಯಾಗ್ರಮ್ಮನ್ನು (ವಸ್ತುವಿನ ಮೇಲಿರುವ ಬಲಗಳನ್ನೆಲ್ಲಾ ಬಾಣಗಳಲ್ಲಿ ತೋರಿಸುವ ಚಿತ್ರ) ಅರ್ಧ ಪುಟದಷ್ಟು ದೊಡ್ಡದಾಗಿ ಬರೆಯುತ್ತೇನೆ. ಆ ಬಲವನ್ನು ಕೊಡುತ್ತಿರುವುದು ಯಾವುದು ಅಂತ ಪ್ರತಿ ಬಾಣದ ಪಕ್ಕ ಬರೆಯುತ್ತೇನೆ: ಭೂಮಿ, ಇಳಿಜಾರು, ಹಗ್ಗ. ಹೆಸರು ಸಿಗದ ಬಾಣವನ್ನು ಹೊಡೆದುಹಾಕುತ್ತೇನೆ.