ಹಂಟಿಂಗ್ಟನ್ ಕಾಯಿಲೆ: ಊರಿಗೆ ಏನು ಹೇಳಬೇಕು, ಮನೆಯೊಳಗೆ ಏನು ಉಳಿಸಿಕೊಳ್ಳಬೇಕು

ಹಂಟಿಂಗ್ಟನ್ ಎಂಬುದು ವಂಶದಲ್ಲಿ ಇಳಿದುಬರುವ ಮಿದುಳಿನ ಕಾಯಿಲೆ. ಅದು ಇರುವವರು ಬೀದಿಯಲ್ಲಿ ನಡೆದರೆ ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು ‘ಕುಡಿದಿದ್ದಾನೆ’. ಕಾಲು ಅಡ್ಡಾದಿಡ್ಡಿ ಬೀಳುತ್ತದೆ, ಭುಜ ತಾನಾಗಿ ಕುಣಿಯುತ್ತದೆ, ಮಾತು ತೊದಲುತ್ತದೆ. ಹೆಂಗಸಾದರೆ ‘ಮೈಮೇಲೆ ಬಂದಿದೆ’ ಎನ್ನುತ್ತಾರೆ. ಈ ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸುವ ಕೆಲಸ ಕೊನೆಗೆ ಬೀಳುವುದು ಮನೆಯವರ ಹೆಗಲಿಗೇ.

ಆದರೆ ಇಲ್ಲೊಂದು ತೊಡಕಿದೆ. ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ಅಪ್ಪನ ಹೆಸರು ಹೇಳಿ ಭಾಷಣ ಮಾಡಿದರೆ ಮದುವೆಗಿರುವ ಮಗಳ ವಿಷಯವೂ ಊರ ಬಾಯಿಗೆ ಬಿತ್ತು. ಆದ್ದರಿಂದ ಕಾಯಿಲೆ ಏನೆಂದು ಎಲ್ಲರಿಗೂ ಹೇಳಿ. ಅದು ಯಾರಿಗಿದೆ ಎಂದು ಗೊತ್ತಿರಲೇಬೇಕಾದವರಿಗೆ ಮಾತ್ರ ಹೇಳಿ.

ಮೊದಲು ಮನೆಯಲ್ಲಿ ಒಪ್ಪಿಗೆ

ಲಕ್ಷಣಗಳು ಸಾಮಾನ್ಯವಾಗಿ 30ರಿಂದ 50 ವಯಸ್ಸಿನ ನಡುವೆ ಶುರುವಾಗಿ, 15–20 ವರ್ಷ ಹಂತ ಹಂತವಾಗಿ ಹೆಚ್ಚುತ್ತವೆ. ಮಾತು, ಯೋಚನೆ ಎರಡೂ ಸ್ಪಷ್ಟವಾಗಿರುವಾಗಲೇ ಅವರನ್ನು ಕೂರಿಸಿಕೊಂಡು ಕೇಳಿ: ಹೆಸರು ಹೇಳಬಹುದೇ, ಫೋಟೊ ಬಳಸಬಹುದೇ, ಯಾರಿಗೆ ಮಾತ್ರ ತಿಳಿಯಬೇಕು? ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿ. ಅಣ್ಣತಮ್ಮಂದಿರು, ಅಕ್ಕತಂಗಿಯರು, ವಯಸ್ಸಿಗೆ ಬಂದ ಮಕ್ಕಳು ಒಪ್ಪದಿದ್ದರೆ ಫೋಟೊ, ಮನೆತನದ ಹೆಸರು ಎರಡೂ ಬೇಡ.

ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ಯಾರನ್ನೂ ಒತ್ತಾಯಿಸಬೇಡಿ. ನಾಲ್ಕನೇ ಕ್ರೋಮೊಸೋಮಿನ ಎಚ್‌ಟಿಟಿ ಜೀನ್‌ನಲ್ಲಿ ‘ಸಿಎಜಿ’ ಎಂಬ ತುಣುಕು 40 ಅಥವಾ ಹೆಚ್ಚು ಸಲ ಮರುಕಳಿಸಿದ್ದರೆ ಸಾಮಾನ್ಯ ಆಯುಷ್ಯದೊಳಗೆ ಕಾಯಿಲೆ ಬರುತ್ತದೆ. 36ರಿಂದ 39 ಇದ್ದರೆ ಬರಬಹುದು, ಬಾರದಿರಬಹುದು. ಇಷ್ಟು ಭಾರದ ಸಂಗತಿಯನ್ನು ತಿಳಿಯುವುದೂ ಬೇಡವೆನ್ನುವುದೂ ಅವರವರ ಹಕ್ಕು. ಲಕ್ಷಣವಿಲ್ಲದ, 18 ದಾಟದ ಮಕ್ಕಳಿಗೆ ಈ ಪರೀಕ್ಷೆ ಮಾಡಿಸಬಾರದು. ದೊಡ್ಡವರಾದರೂ ಮೊದಲು ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಪರೀಕ್ಷೆಯ ಫಲಿತಾಂಶಕ್ಕೆ ಏನರ್ಥ ಎಂದು ತಜ್ಞರು ತಿಳಿಸಿಹೇಳುವ ಮಾತುಕತೆ, ಆಗಬೇಕು. ವರದಿಯನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ, ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೋ ಯಾರೂ ಹೇಳಲಾರರು.

ಜೇಬಿನ ಕಾರ್ಡು

ಎಲ್ಲಕ್ಕಿಂತ ಕಡಿಮೆ ಖರ್ಚಿನ, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಸ್ತು ಇದು. ಎಟಿಎಂ ಕಾರ್ಡಿನ ಅಳತೆಗೆ ಕತ್ತರಿಸಿ, ಲ್ಯಾಮಿನೇಟ್ ಮಾಡಿಸಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಐದೇ ಸಾಲು:

‘ನಾನು ಕುಡಿದಿಲ್ಲ. ನನಗೆ ಹಂಟಿಂಗ್ಟನ್ ಎಂಬ ಮಿದುಳಿನ ಕಾಯಿಲೆ ಇದೆ. ಕೈಕಾಲು ತಾನಾಗಿ ಅಲುಗುತ್ತವೆ, ಮಾತು ನಿಧಾನ. ಅನುಮಾನವಿದ್ದರೆ ಉಸಿರಿನ ಪರೀಕ್ಷೆ ಮಾಡಿ. ದಯವಿಟ್ಟು ಈ ನಂಬರಿಗೆ ಕರೆ ಮಾಡಿ.’

ಜನ ಮಾಡುವ ತಪ್ಪು ಎಂದರೆ ಇದರಲ್ಲಿ ಕಾಯಿಲೆಯ ಪುರಾಣವನ್ನೇ ಬರೆಯುವುದು. ಬಸ್ ಕಂಡಕ್ಟರ್ ಐದು ಸೆಕೆಂಡಿಗಿಂತ ಹೆಚ್ಚು ಓದುವುದಿಲ್ಲ. ಕಾರ್ಡನ್ನು ಪರ್ಸಿನೊಳಗೂ ಇಡಬೇಡಿ. ನಡುಗುವ ಕೈಗೆ ಜಿಪ್ ಎಳೆಯಲು ಆಗುವುದಿಲ್ಲ. ಕೊರಳಿಗೆ ದಾರ ಕಟ್ಟಿ ಅಂಗಿಯ ಮೇಲುಜೇಬಿಗೆ ಇಳಿಬಿಡಿ.

ಸಭೆಗಿಂತ ಮೊದಲು ಹತ್ತು ಮಂದಿ

ದಿನವೂ ಎದುರಾಗುವವರ ಪಟ್ಟಿ ಮಾಡಿ: ಅಂಗಡಿಯವರು, ಆಟೊದವರು, ಆಶಾ ಕಾರ್ಯಕರ್ತೆ, ಬೀಟ್ ಪೊಲೀಸ್, ಪಕ್ಕದ ಎರಡು ಮನೆಯವರು, ಮಕ್ಕಳ ಕ್ಲಾಸ್ ಟೀಚರ್. ಒಬ್ಬೊಬ್ಬರಲ್ಲೇ ಹೋಗಿ, ಹತ್ತು ನಿಮಿಷ ಸಾಕು. ಇದು ಅಂಟುಜಾಡ್ಯವಲ್ಲ. ಸಿಟ್ಟು ಬರುವುದು ಸ್ವಭಾವದಿಂದಲ್ಲ, ಮಿದುಳಿನ ಬದಲಾವಣೆಯಿಂದ. ಎದುರು ವಾದಿಸಿದರೆ ಹೆಚ್ಚುತ್ತದೆ. ನೀರು, ಅನ್ನ ಗಂಟಲಿಗೆ ಸಿಕ್ಕುವುದರಿಂದ ಊಟದ ಹೊತ್ತಿನಲ್ಲಿ ಮಾತಾಡಿಸಬೇಡಿ. ಈ ಮೂರೂ ಅವರ ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಆಯಿತು.

ಆಮೇಲೆ ಗ್ರಾಮಸಭೆಯಲ್ಲೋ ಸ್ವಸಹಾಯ ಸಂಘದಲ್ಲೋ ಹದಿನೈದು ನಿಮಿಷ ಕೇಳಿ. ಚಿತ್ರಗಳಿಗಿಂತ ಒಂದು ಅಭಿನಯ ಚೆನ್ನಾಗಿ ಮುಟ್ಟುತ್ತದೆ. ಮುಂದೆ ಕೂತವರ ಕೈ ಹಿಡಿದು, ಹಿಡಿತವನ್ನು ಒಮ್ಮೆ ಬಿಗಿಮಾಡಿ, ಒಮ್ಮೆ ಸಡಿಲಿಸಿ: ಈ ಕಾಯಿಲೆಯಲ್ಲಿ ಕೈ ಹಿಡಿದುಕೊಳ್ಳಿ ಎಂದರೆ ಹೀಗೇ ಆಗುತ್ತದೆ, ಹಸುವಿನ ಕೆಚ್ಚಲಿಂದ ಹಾಲು ಕರೆದ ಹಾಗೆ. ವೈದ್ಯರೂ ಈ ಲಕ್ಷಣಕ್ಕೆ ಹಾಲು ಕರೆಯುವವರ ಹಿಡಿತವೆಂದೇ ಹೆಸರಿಟ್ಟಿದ್ದಾರೆ. ರೋಗಿಯನ್ನು ಮಾತ್ರ ವೇದಿಕೆಗೆ ತಂದು ನಿಲ್ಲಿಸಬೇಡಿ. ನಾಲ್ಕು ಜನ ನೋಡಿದರೆ ಉದ್ವೇಗಕ್ಕೆ ಅಲುಗಾಟ ಹೆಚ್ಚುತ್ತದೆ, ಅದು ಪ್ರದರ್ಶನವಾಗಿಬಿಡುತ್ತದೆ.

‘ನಾವು ನಾಲ್ಕು ಮನೆಯವರು ಹೇಳಿ ಏನಾಗುತ್ತದೆ’ ಎನ್ನುವವರಿಗೆ ಇದನ್ನು ಹೇಳಿ. ಹಾಡುಗಾರ ವುಡಿ ಗತ್ರಿ ಇದೇ ಕಾಯಿಲೆಯಿಂದ 1967ರಲ್ಲಿ ತೀರಿಕೊಂಡಾಗ, ಅವರ ಹೆಂಡತಿಯಾಗಿದ್ದ ಮಾರ್ಜರಿ ಅಮೆರಿಕದಲ್ಲಿ ರೋಗಿಗಳ ಮನೆಯವರನ್ನು ಹುಡುಕಿ ಒಂದುಗೂಡಿಸಿದರು. ತಾಯಿಗೆ ಕಾಯಿಲೆಯಿದ್ದ ಅಮೆರಿಕದ ಸಂಶೋಧಕಿ ನ್ಯಾನ್ಸಿ ವೆಕ್ಸ್‌ಲರ್ ವೆನೆಜುವೆಲಾದ ಮಾರಕೈಬೊ ಸರೋವರದ ದಡದಲ್ಲಿ ಈ ಕಾಯಿಲೆ ಹೆಚ್ಚಾಗಿದ್ದ ಕುಟುಂಬಗಳ ವಂಶವೃಕ್ಷ, ರಕ್ತದ ಮಾದರಿ ಕಲೆಹಾಕಿದರು. ಅದರಿಂದಲೇ 1983ರಲ್ಲಿ ಜೀನಿನ ಜಾಡು, 1993ರಲ್ಲಿ ಜೀನೇ ಸಿಕ್ಕಿತು.

ಅಂಗವೈಕಲ್ಯದ ಕಾರ್ಡು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಂಟಿಂಗ್ಟನ್ ಎಂಬ ಹೆಸರಿಲ್ಲ. ‘ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೀರೋಸಿಸ್‌ನಂಥ ದೀರ್ಘಕಾಲದ ನರಸಂಬಂಧಿ ತೊಂದರೆಗಳು’ ಎಂದಿದೆ; ಆ ‘ಅಂಥ’ ಎಂಬ ಪದವನ್ನೇ ತೋರಿಸಿ ಕೇಳಬೇಕು. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಈ ಕಾರ್ಡಿಗೆ ಅರ್ಜಿ ಹಾಕಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂ ಸಹಾಯ ಮಾಡುತ್ತಾರೆ. ತಪಾಸಣೆ ದಿನ ಆಗುವ ಎಡವಟ್ಟು ಇದು: ಅವತ್ತು ನಡಿಗೆ ಸುಮಾರಾಗಿದ್ದರೆ ಅಂಗವೈಕಲ್ಯದ ಶೇಕಡಾವಾರು 40ಕ್ಕಿಂತ ಕೆಳಗೆ ಬೀಳುತ್ತದೆ, ಬಿಳಿ ಕಾರ್ಡು ಬರುತ್ತದೆ, ಹೆಚ್ಚಿನ ಸೌಲಭ್ಯ ಕೈತಪ್ಪುತ್ತದೆ. ಶೇ 40 ಮುಟ್ಟಿದರೆ ಹಳದಿ, 80 ಮುಟ್ಟಿದರೆ ನೀಲಿ.

ಅದಕ್ಕೆ ನಾಲ್ಕು ವಾರ ಮುಂಚಿನಿಂದ ನೋಟ್‌ಬುಕ್ ಇಡಿ: ಎಷ್ಟು ಸಲ ಬಿದ್ದರು, ಊಟದಲ್ಲಿ ಎಷ್ಟು ಸಲ ಕೆಮ್ಮಿದರು, ವಾರದ ತೂಕ ಎಷ್ಟು, ಏನನ್ನು ಮರೆತರು. ಒಂದೊಂದು ನಿಮಿಷದ ಮೂರು ವಿಡಿಯೊ ಮಾಡಿ: ನಡೆಯುವುದು, ಗುಂಡಿ ಹಾಕುವುದು, ನಾಲಿಗೆ ಚಾಚಿ ಹತ್ತು ಸೆಕೆಂಡು ನಿಲ್ಲಿಸುವುದು. ಹಾವಿನ ನಾಲಿಗೆಯ ಹಾಗೆ ಅದು ಒಳಕ್ಕೆ ಸರಿಯುವುದು ಅಲ್ಲಿ ಕಾಣುತ್ತದೆ. ಯೋಚನೆ, ನಡವಳಿಕೆಯ ತೊಂದರೆಗಳನ್ನೂ ನರರೋಗ ತಜ್ಞರ ಪತ್ರದಲ್ಲಿ ಬರೆಸಿ.

ಈ ಕಾಯಿಲೆಯಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಎರಡೂ ಹೆಚ್ಚು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲಿರುಳೂ ಇದೆ. ನಂಬರನ್ನು ಗೋಡೆಗೆ ಅಂಟಿಸಿ, ನೋಡಿಕೊಳ್ಳುವವರಿಗೂ ಅದು ಬೇಕಾಗುತ್ತದೆ.

ಜೇಬಿನ ಕಾರ್ಡನ್ನು ಆರು ತಿಂಗಳಿಗೊಮ್ಮೆ ಓದಿ ನೋಡಿ. ಮಾತು ಕಡಿಮೆಯಾದ ದಿನ ‘ಮಾತು ನಿಧಾನ’ ಎಂಬ ಸಾಲನ್ನು ತೆಗೆದು, ‘ಹೌದು, ಇಲ್ಲ ಎನ್ನುವಂಥ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ, ನನಗೆ ಎಲ್ಲ ಕೇಳಿಸುತ್ತದೆ’ ಎಂದು ಬರೆಸಿ.