ಸೂಜಿ ಕಂಡ್ರೆ ತಲೆಸುತ್ತು: ನಂಗೆ ಕೆಲಸ ಮಾಡಿದ್ದು ಮೈ ಬಿಗಿ ಹಿಡಿಯೋದು

ಸೂಜಿ, ರಕ್ತ ನೋಡಿ ತಲೆ ಸುತ್ತಿ ಬೀಳೋರಿಗೆ ಎಲ್ರೂ ಹೇಳೋದು ಒಂದೇ, ರಿಲ್ಯಾಕ್ಸ್ ಆಗಿ, ಏನೂ ಆಗಲ್ಲ ಅಂತ. ನಂಗೆ ಅದ್ರಿಂದ ಏನೂ ಪ್ರಯೋಜನ ಆಗ್ಲಿಲ್ಲ, ಯಾಕೆ ಅಂತ ಕೌನ್ಸೆಲರ್ ಬಿಡಿಸಿ ಹೇಳಿದ್ಮೇಲೇ ಅರ್ಥ ಆಗಿದ್ದು.

ಹಾವು, ಜೇಡ, ಎತ್ತರ ಇಂಥ ಫೋಬಿಯಾಗಳಲ್ಲಿ ಭಯ ಬಂದಾಗ ಎದೆಬಡಿತ, ಬಿಪಿ ಎರಡೂ ಏರುತ್ತೆ, ಹಾಗಾಗಿ ಪ್ರಜ್ಞೆ ತಪ್ಪೋದು ಅಪರೂಪ. ರಕ್ತ, ಸೂಜಿ ಫೋಬಿಯಾದಲ್ಲಿ ಮೊದಲು ಏರಿ ಆಮೇಲೆ ದಿಢೀರ್ ಅಂತ ಇಳಿದುಬಿಡುತ್ತೆ, ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬಂದು ಬೀಳ್ತೀವಿ. ಬಿಪಿ ಇಳೀತಿರೋವಾಗ ಮೈ ಇನ್ನೂ ಸಡಿಲ ಬಿಟ್ರೆ ಹೇಗೆ ಹೇಳಿ! ಸ್ವೀಡನ್ನಿನ ಸೈಕಾಲಜಿಸ್ಟ್ ಲಾರ್ಸ್ ಯೋರಾನ್ ಓಸ್ಟ್ ಮತ್ತೆ ಅವರ ಜೊತೆಯವರು 1980ರ ದಶಕದಲ್ಲಿ ಇದಕ್ಕೇ ಅಂತ ಬೆಳೆಸಿದ್ದು ಅಪ್ಲೈಡ್ ಟೆನ್ಷನ್ ಅನ್ನೋ ವಿಧಾನ, ಅಂದ್ರೆ ಮೈ ಬಿಗಿ ಹಿಡಿದು ಬಿಪಿ ಇಳಿಯದ ಹಾಗೆ ಏರಿಸಿಕೊಳ್ಳೋದು.

ಮಾಡೋದು ಹೀಗೆ. ಕೂತ್ಕೊಂಡು ತೋಳು, ಹೊಟ್ಟೆ, ಕಾಲು ಎಲ್ಲಾ ಗಟ್ಟಿಯಾಗಿ ಬಿಗಿ ಹಿಡೀಬೇಕು, ಮುಖ ಬೆಚ್ಚಗಾಗೋ ತನಕ, ಸುಮಾರು 10-15 ಸೆಕೆಂಡ್, ಉಸಿರು ಮಾತ್ರ ಕಟ್ಟಬಾರದು, ಆಮೇಲೆ ಪೂರ್ತಿ ಸಡಿಲ ಬಿಡದೆ ಮಾಮೂಲಿ ಸ್ಥಿತಿಗೆ ಬಂದು 20-30 ಸೆಕೆಂಡ್ ಬಿಟ್ಟು ಮತ್ತೆ ಬಿಗಿ ಹಿಡಿಯೋದು, ಹೀಗೆ 5 ಸಲ. ಮನೇಲಿ ದಿನಾ ಅಭ್ಯಾಸ ಮಾಡಿದ್ರೇನೇ ಬೇಕಾದಾಗ ತಾನಾಗೇ ಬರುತ್ತೆ. ಹಾರ್ಟ್ ಪ್ರಾಬ್ಲಮ್, ಹೈ ಬಿಪಿ ಇದ್ರೆ, ಗರ್ಭಿಣಿ ಆಗಿದ್ರೆ ಡಾಕ್ಟರನ್ನ ಕೇಳದೆ ಮಾಡ್ಬೇಡಿ.

ಇದು ಬಂದ್ಮೇಲೆ ಎಕ್ಸ್‌ಪೋಶರ್, ಅಂದ್ರೆ ಭಯ ಪಡೋದನ್ನೇ ಹಂತ ಹಂತವಾಗಿ ಎದುರಿಸೋದು. ಭಯಕ್ಕೆ 0ಯಿಂದ 100ರ ತನಕ ಮಾರ್ಕ್ಸ್ ಹಾಕಿ ಪಟ್ಟಿ ಮಾಡಿದ್ವಿ, ಮೊದಲು ಸಿರಿಂಜ್ ಫೋಟೋ, ಆಮೇಲೆ ರಕ್ತ ತೆಗೆಯೋ ವಿಡಿಯೋ, ಆಮೇಲೆ ಖಾಲಿ ಸಿರಿಂಜ್ ಕೈಯಲ್ಲಿ ಹಿಡಿಯೋದು, ಕೊನೆಗೆ ಲ್ಯಾಬ್. ವಿಡಿಯೋ ಹಂತಾನೇ ನಂಗೆ ತುಂಬಾ ಕಷ್ಟ ಆಗಿದ್ದು, ಅಲ್ಲಿ ಭಯಕ್ಕಿಂತ ಅಸಹ್ಯ ಜಾಸ್ತಿ, ಹೊಟ್ಟೆ ತೊಳೆಸೋದು, ಈ ಫೋಬಿಯಾದಲ್ಲಿ ಎರಡು ಎಮೋಷನ್ನೂ ಸೇರ್ಕೊಂಡಿರುತ್ತಂತೆ, ಹಾಗಾಗಿ ಅದೇ ವಿಡಿಯೋ ಮತ್ತೆ ಮತ್ತೆ ನೋಡಿ ಮಾರ್ಕ್ಸ್ ಅರ್ಧಕ್ಕೆ ಇಳಿಯೋ ತನಕ ಮುಂದಿನದಕ್ಕೆ ಹೋಗ್ಲಿಲ್ಲ. ಮಧ್ಯದಲ್ಲಿ ಕಣ್ಣು ಮುಚ್ಕೊಂಡ್ರೆ ಆ ಕ್ಷಣಕ್ಕೆ ಹಾಯ್ ಅನ್ಸುತ್ತೆ, ಆದ್ರೆ ತಪ್ಪಿಸ್ಕೊಂಡಷ್ಟೂ ಭಯ ಇನ್ನೂ ಬೇರು ಬಿಡುತ್ತೆ.

ಲ್ಯಾಬಲ್ಲಿ ಒಂದು ವಿಷ್ಯ ಗಮನದಲ್ಲಿರ್ಲಿ, ರಕ್ತ ತೆಗೆಯೋ ಕೈ ಸಡಿಲ ಬಿಟ್ಟು ಉಳಿದ ಮೈ ಬಿಗಿ ಹಿಡೀಬೇಕು, ಇದನ್ನೂ ಮೊದ್ಲೇ ಪ್ರಾಕ್ಟೀಸ್ ಮಾಡಿರ್ಬೇಕು. ತೆಗೆಯೋರಿಗೆ ತಲೆಸುತ್ತು ಬರುತ್ತೆ ಅಂತ ಮುಂಚೆನೇ ಹೇಳಿ, ಮಲಗಿಸಿಕೊಂಡೇ ತೆಗೀತಾರೆ. ನಂಗೆ ಈಗ್ಲೂ ಸೂಜಿ ಕಂಡ್ರೆ ಎದೆ ಧಸಕ್ ಅನ್ನುತ್ತೆ, ಆದ್ರೆ ಬೀಳಲ್ಲ, ಮುಂದೂಡ್ತಿದ್ದ ಬ್ಲಡ್ ಟೆಸ್ಟೆಲ್ಲಾ ಮಾಡಿಸ್ಕೊಂಡಿದೀನಿ.