ಅರ್ಜಿಲಿ ‘ಆದಕಾರಣ’ ಎಲ್ಲಿ ಕೂರಬೇಕು – ನನ್ನ ಅನುಭವ

ಕೊಡಗಿನ ಸೋಮವಾರಪೇಟೆ ಕಡೆ ಸರ್ಕಾರಿ ಆಫೀಸಿಗೆ ಕೊಡೋ ಅರ್ಜಿ ಟೈಪ್ ಮಾಡೋ ಕೆಲಸ ನಂದು. ಓದ್ತಿರೋರಲ್ಲೂ ಸುಮಾರು ಜನ ಇದೇ ಲೈನಲ್ಲಿದೀರ, ಹಾಗಾಗಿ ನುಡಿ ಸಾಫ್ಟ್‌ವೇರು, ಮಾರ್ಜಿನ್ನು, ವಿಷಯ, ಉಲ್ಲೇಖ ಎಲ್ಲ ಬಿಡ್ತೀನಿ. ಒಂದು ಅರ್ಜಿಗೆ ಒಂದೇ ‘ಆದಕಾರಣ’ ಅಂತ ನಾನು ರೂಲ್ ಮಾಡ್ಕೊಂಡಾಗ ನಮ್ಮೋರೇ ನಕ್ಕಿದ್ರು, ಈಗ ಕಷ್ಟದ ಕೇಸಿದ್ರೆ ಅವ್ರೇ ನನ್ನ ಅಂಗಡಿ ತೋರಿಸ್ತಾರೆ.

2018ರ ಮಳೆಗೆ ಕೊಡಗಲ್ಲಿ ಬರೆ, ಅಂದ್ರೆ ಗುಡ್ಡದ ಇಳಿಜಾರು, ಕುಸಿದಿತ್ತಲ್ಲ, ಅದಾದ್ಮೇಲಿನ ಅರ್ಜಿಗಳು ನೆನಪಿದ್ಯಲ್ಲ? “ಮಳೆ ಬಂದಿರುತ್ತದೆ ಆದಕಾರಣ ಬರೆ ಕುಸಿದಿರುತ್ತದೆ ಆದಕಾರಣ ಕಾಫಿ ಗಿಡ ಹೋಗಿರುತ್ತದೆ ಆದಕಾರಣ ನಾನು ಕಷ್ಟದಲ್ಲಿರುತ್ತೇನೆ”, ಹಿಂಗೇ ಮೂರ್ನಾಲ್ಕು ಪೇಜು, ಕೊನೆಗೆ ಏನು ಕೇಳ್ತಿದಾರೆ ಅನ್ನೋದೇ ಇಲ್ಲ, ಆಫೀಸಿನೋರು ಹಿಂಬರಹ, ಅಂದ್ರೆ ಯಾಕಾಗಲ್ಲ ಅನ್ನೋ ಲಿಖಿತ ಉತ್ತರ, ಹಾಕಿ ವಾಪಸ್. ಅಷ್ಟರಲ್ಲಿ ಜನ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಕಳ್ಕೊಂಡಿರ್ತಿದ್ರು.

ನಂಗೆ ದಾರಿ ತೋರಿಸಿದ್ದು ಆನೆ ಲದ್ದಿ. ತೋಟದಲ್ಲಿ ಲದ್ದಿ ಬಿದ್ದಿದೆ, ಆದಕಾರಣ ಆನೆ ಬಂದಿದೆ. ಇದು ನಿಲ್ಲುತ್ತೆ. ಆನೆ ಬಂದಿದೆ, ಆದಕಾರಣ ಬೆಳೆ ಹಾಳಾಗಿದೆ ಅಂದ್ರೆ ನಿಲ್ಲಲ್ಲ, ಸುಮ್ನೆ ದಾಟಿ ಹೋಗಿರ್ಬಹುದಲ್ಲ! ನಡೆದ ಘಟನೆಗಳನ್ನ ಜೋಡಿಸೋಕೆ ‘ಇದರಿಂದ’ ಸಾಕು, ದೊಡ್ಡದಾಗಿ ಬೇಕಂದ್ರೆ ‘ತತ್ಪರಿಣಾಮವಾಗಿ’. ಮೇಲೆ ಹೇಳಿದ್ದನ್ನ ಒಪ್ಪಿದ್ರೆ ಕೆಳಗಿಂದನ್ನೂ ಒಪ್ಪಲೇಬೇಕು ಅನ್ನೋ ಕಡೆ ಮಾತ್ರ ‘ಆದಕಾರಣ’. ವಿಕೋಪ ಪರಿಹಾರಕ್ಕೆ ಬೆಳೆ ನಷ್ಟ ಶೇ 33 ಇಲ್ಲಾ ಅದಕ್ಕಿಂತ ಜಾಸ್ತಿ ಇರ್ಬೇಕು, ನನ್ನ ನಷ್ಟ ಅದಕ್ಕಿಂತ ಜಾಸ್ತಿ ಅಂತ ಸರ್ವೆಲಿ ಬಂದಿದೆ, ಆದಕಾರಣ ಪರಿಹಾರ ಕೊಡ್ಬೇಕು. ಮೂರು ಸಾಲು, ಮುಗೀತು.

ದುಡ್ಡಿನ ಕಥೆ ಬೇರೆ. ನಮ್ಮಲ್ಲಿ ಪೇಜಿನ ಲೆಕ್ಕ, ಆಗ ಪೇಜಿಗೆ ಐವತ್ತೋ ಅರವತ್ತೋ ಇರ್ಬೇಕು. ಅರ್ಜಿ ಅರ್ಧ ಪೇಜಿಗೆ ಇಳಿದಿದ್ದೇ ತಡ ಗಲ್ಲಾ ಖಾಲಿ, ಎರಡು ಮೂರು ತಿಂಗಳು ಬಾಡಿಗೆ ಸಾಲ ಮಾಡಿ ಕಟ್ಟಿದೀನಿ. ಪಕ್ಕದ ಅಂಗಡಿ ಹಿರಿಯರು “ತಮ್ಮಾ, ಅರ್ಜಿಗೆ ತೂಕ ಇರ್ಬೇಕು, ನೀನು ಚೀಟಿ ಬರೀತೀಯಲ್ಲ” ಅಂದ್ರು. ಪೇಜಿನ ಲೆಕ್ಕ ಬಿಟ್ಟು ಅರ್ಜಿಗೆ ಇನ್ನೂರು ಅಂತ ಮಾಡಿದೆ, “ಇಷ್ಟಕ್ಕೆ ಇನ್ನೂರಾ ಅಣ್ಣಾ?” ಅಂತ ಎದ್ದು ಹೋದೋರೂ ಇದಾರೆ, ಆಮೇಲೆ ಹಿಂಬರಹ ಹಿಡ್ಕೊಂಡು ವಾಪಸ್ ಬಂದೋರೂ ಇದಾರೆ. ಮುಂಚೆ ಹತ್ತರಲ್ಲಿ ನಾಲ್ಕೋ ಐದೋ ವಾಪಸ್ ಬರ್ತಿತ್ತು, ಈಗ ಒಂದು ಬಂದ್ರೆ ಹೆಚ್ಚು.

ಮಧ್ಯೆ ಬೇರೆ ಪದಗಳನ್ನೂ ಟ್ರೈ ಮಾಡಿದೆ. “ಆನೆ ನುಗ್ಗಿದ ಪ್ರಯುಕ್ತ” ಅಂತ ಹಾಕಿದ್ರೆ ಜಾತ್ರೆ ಕರೆಯೋಲೆ ಥರ ಕಾಣುತ್ತೆ. ತರ್ಕಶಾಸ್ತ್ರದೋರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ ಆದ್ಮೇಲೆ ಐದನೇದಕ್ಕೆ ‘ನಿಗಮನ’ ಅಂತಾರಲ್ಲ, ಅದೇ ಬೆಟ್ಟದ ಮೇಲೆ ಹೊಗೆ ಇದೆ ಆದ್ದರಿಂದ ಬೆಂಕಿ ಇದೆ ಅನ್ನೋದು, ಅದನ್ನ ಜಂಬಕ್ಕೆ ಒಂದು ಅರ್ಜಿಲಿ ಹಾಕ್ದೆ. ಕೌಂಟರಲ್ಲಿ “ಇದು ಯಾವ ನಿಗಮದ ಸಾಲ?” ಅಂತ ಕೇಳಿದ್ರಂತೆ. ಅಲ್ಲಿಗೆ ಆ ಪದ ಬಿಟ್ಟೆ.

ಇನ್ನೊಂದು, ನಾನು ಮೊದಲು ಕೊನೇ ಸಾಲು ಟೈಪ್ ಮಾಡಿ ಆಮೇಲೆ ಮೇಲೆ ಹೋಗ್ತೀನಿ. ‘ಆದಕಾರಣ’ಕ್ಕೆ ಮುಂಚಿನ ಸಾಲಲ್ಲಿ ಯಾವ ದಾಖಲೆ ನಂಬರ್ ಹೆಂಗೆ ಕೂರಿಸ್ತೀನಿ ಅನ್ನೋದು ಮಾತ್ರ ಹೇಳಲ್ಲ, ಅದ್ರ ಮೇಲೇ ಅಂಗಡಿ ನಡೀತಿರೋದು.

ಜಮ್ಮಾ ಬಾಣೆ, ಅಂದ್ರೆ ಕೊಡಗಲ್ಲಿ ವಂಶಪಾರಂಪರ್ಯವಾಗಿ ಬಂದ ಜಾಗದ ಕೇಸಿಗೆ ಇದು ಆಗ್ಬರಲ್ಲ. ಎಷ್ಟೋ ಪಹಣಿಲಿ ತೀರ್ಕೊಂಡ ಪಟ್ಟೆದಾರರ (ಮನೆತನದ ಪರವಾಗಿ ಜಾಗ ಯಾರ ಹೆಸರಲ್ಲಿತ್ತೋ ಆ ಹಿರಿಯರ) ಹೆಸರೇ ಇರುತ್ತೆ, ಜಾಗ ನಂದು ಅನ್ನೋ ಮೊದಲನೇ ಸಾಲೇ ತಕರಾರು, ಇನ್ನು ಆದಕಾರಣ ಎಲ್ಲಿಂದ ತರೋದು. ಅಂಥವ್ರನ್ನ ದುಡ್ಡು ತಗೊಳ್ದೆ ವಕೀಲರ ಹತ್ರ ಕಳಿಸ್ತೀನಿ.